ಉದ್ಘಾಟನೆಯ ಮಾರನೇ ದಿನಕ್ಕೂ ದುಡ್ಡಿಡಿ

ಉತ್ತರ ಕನ್ನಡ ಕರಾವಳಿಯ ನಗರಸಭೆ, ಪುರಸಭೆ, ಪಟ್ಟಣ ಪಂಚಾಯ್ತಿಗಳಲ್ಲಿ ಬಜೆಟ್ ಬರೆಯುವ ಅಧಿಕಾರಿಗಳಿಗೆ, ಅದಕ್ಕೆ ಒಪ್ಪಿಗೆ ಕೊಡುವ ಜನಪ್ರತಿನಿಧಿಗಳಿಗೆ, ಕಡಲತೀರಗಳನ್ನು ನೋಡಿಕೊಳ್ಳುವ ಜಿಲ್ಲಾಡಳಿತಕ್ಕೆ,

ನಮಸ್ಕಾರ.

ಕೇಳಬೇಕಾದ್ದನ್ನು ಮೊದಲೇ ಕೇಳಿಬಿಡುತ್ತೇನೆ. ಮುಂದಿನ ಬಜೆಟ್ಟಿನಲ್ಲಿ ಪಾರ್ಕು, ಮೈದಾನ, ಕಡಲತೀರ, ಕೋಟೆ, ಕೆರೆ ಅಂತ ಹೊಸದಾಗಿ ಏನನ್ನಾದರೂ ಕಟ್ಟುವ ಮೊದಲು, ಈಗ ಇರುವುದನ್ನು ನೋಡಿಕೊಳ್ಳಲು ದುಡ್ಡು ತೆಗೆದಿಡಿ. ಹೊಸದು ಕಟ್ಟಲೇಬೇಕು ಅಂತಾದರೆ, ಅದನ್ನು ಹತ್ತು ವರ್ಷ ನಡೆಸಲು ಎಷ್ಟು ಬೇಕು, ಆ ದುಡ್ಡು ಎಲ್ಲಿಂದ ಬರುತ್ತದೆ ಅನ್ನುವುದನ್ನು ಅದೇ ಅಂದಾಜು ಪಟ್ಟಿಯಲ್ಲಿ ಬರೆಯಿರಿ. ಬರೆಯಲು ಆಗದಿದ್ದರೆ ಆ ಕೆಲಸಕ್ಕೆ ಗುದ್ದಲಿ ಪೂಜೆ ಮಾಡಬೇಡಿ. ಇಷ್ಟೇ ನನ್ನ ಬೇಡಿಕೆ. ಯಾಕೆ ಇದನ್ನು ಇಷ್ಟು ಒತ್ತಿ ಹೇಳುತ್ತಿದ್ದೇನೆ ಅನ್ನುವುದನ್ನು ಸ್ವಲ್ಪ ವಿವರವಾಗಿ ಬರೆಯುತ್ತೇನೆ, ದಯವಿಟ್ಟು ಪೂರ್ತಿ ಓದಿ.

ನಾನು ಕಾರವಾರದವಳು. ಈ ಊರಿನಲ್ಲಿ ಬಯಲು ಜಾಗ ಅನ್ನುವುದು ಎಷ್ಟು ಕಮ್ಮಿ ಅಂತ ಇಲ್ಲಿ ಬದುಕಿದವರಿಗೆ ಗೊತ್ತು. ಒಂದು ಕಡೆ ಗುಡ್ಡ, ಒಂದು ಕಡೆ ಸಮುದ್ರ, ಬಡಗಿಗೆ ಕಾಳಿ ನದಿ, ತೆಂಕಿಗೆ ನೌಕಾನೆಲೆ. ಆ ನೆಲೆ ಕಟ್ಟುವ ಸೀಬರ್ಡ್ ಯೋಜನೆಗೆ 1986ರಲ್ಲಿ ಅಡಿಗಲ್ಲು ಬಿತ್ತು, 2005ರಲ್ಲಿ ಐಎನ್ಎಸ್ ಕದಂಬ ಅನ್ನುವ ಹೆಸರಿನಲ್ಲಿ ನೆಲೆ ಶುರುವಾಯಿತು. ದೇಶಕ್ಕೆ ಬೇಕಿತ್ತು, ಜನ ಜಾಗ ಬಿಟ್ಟುಕೊಟ್ಟರು. ಮನೆ, ಗದ್ದೆ ಮಾತ್ರ ಅಲ್ಲ, ಬಿಣಗಾ, ಅರ್ಗಾ ಕಡೆಯ ಸಮುದ್ರದ ದಂಡೆಗಳನ್ನೂ ಬಿಟ್ಟುಕೊಟ್ಟರು. ಹಾಗಾಗಿ ನಮಗೆ ಉಳಿದಿರುವ ಪ್ರತಿ ತುಂಡು ಬಯಲಿಗೂ, ಪ್ರತಿ ಅಂಗುಲ ಮರಳಿಗೂ ಬೆಲೆ ಜಾಸ್ತಿ. 2020ರ ಜನವರಿಯಲ್ಲಿ ಸಾಗರಮಾಲಾ ಯೋಜನೆಯ ಬಂದರು ವಿಸ್ತರಣೆ ಠಾಗೋರ್ ಕಡಲತೀರವನ್ನು ನುಂಗುತ್ತದೆ ಅಂತ ಮೀನುಗಾರರು ಬೀದಿಗೆ ಇಳಿದರಲ್ಲ, ಅವತ್ತು ಅವರ ಜೊತೆ ಊರಿಗೆ ಊರೇ ನಿಂತಿತ್ತು. ಈ ಜಾಗ ನಮ್ಮದು ಅನ್ನುವ ಭಾವನೆ ಜನರಲ್ಲಿ ಗಟ್ಟಿಯಾಗಿದೆ. ಆ ಭಾವನೆಗೆ ತಕ್ಕ ಹಾಗೆ ಬಜೆಟ್ ಇರಲಿ ಅಂತಲೇ ಕೇಳುತ್ತಿರುವುದು.

ಇದು ನೀವು ನಮಗೆ ಮಾಡುವ ಉಪಕಾರ ಅಲ್ಲ. ಸಂವಿಧಾನದ 74ನೇ ತಿದ್ದುಪಡಿ 1993ರಲ್ಲಿ ಜಾರಿಗೆ ಬಂದಾಗ ನಗರ ಸಂಸ್ಥೆಗಳ ಕೆಲಸ ಯಾವುದು ಅಂತ 12ನೇ ಪರಿಚ್ಛೇದದಲ್ಲಿ 18 ವಿಷಯಗಳನ್ನು ಪಟ್ಟಿ ಮಾಡಿದ್ದಾರೆ. ರಸ್ತೆ, ನೀರು, ಸ್ಮಶಾನ ಎಲ್ಲದರ ಜೊತೆಗೇ ಪಾರ್ಕು, ಉದ್ಯಾನ, ಆಟದ ಮೈದಾನ ಅಲ್ಲಿವೆ. ಊರಿನ ಸಾಂಸ್ಕೃತಿಕ ಬದುಕು, ಅಂದಚಂದ ಕಾಯುವುದೂ ಅದರಲ್ಲಿದೆ. ಪಾರ್ಕು, ಮೈದಾನಗಳನ್ನು ಉಳಿಸಲು ಅಂತಲೇ ನಮ್ಮ ರಾಜ್ಯ 1985ರಲ್ಲಿ ಪ್ರತ್ಯೇಕ ಕಾಯ್ದೆಯನ್ನೂ ಮಾಡಿದೆ. ಅಂದರೆ ಚರಂಡಿ ಹೇಗೆ ನಿಮ್ಮ ಕೆಲಸವೋ, ಮಕ್ಕಳ ಜೋಕಾಲಿಯೂ ಹಾಗೇ ನಿಮ್ಮ ಕೆಲಸ.

ಜೋಕಾಲಿ ಅಂದೆ, ಅದನ್ನೇ ಹೇಳುತ್ತೇನೆ. ಕರಾವಳಿಯ ಒಂದು ಪಾರ್ಕು, ಯಾವುದು ಅನ್ನುವುದು ಬೇಡ, ಯಾಕಂದರೆ ಇಂಥವು ತುಂಬಾ ಇವೆ. ಅಲ್ಲಿನ ಕಬ್ಬಿಣದ ಜೋಕಾಲಿಯ ಮೇಲಿನ ಕೊಂಡಿಯನ್ನು ಒಮ್ಮೆ ಹತ್ತಿರದಿಂದ ನೋಡಿದೆ. ಹಾಕುವಾಗ ಹೆಬ್ಬೆರಳಿನಷ್ಟು ದಪ್ಪ ಇದ್ದಿರಬೇಕು. ಸರಪಳಿ ಉಜ್ಜುವ ಜಾಗದಲ್ಲಿ ಸವೆದು ಪೆನ್ಸಿಲಿಗಿಂತ ತೆಳ್ಳಗಾಗಿತ್ತು. ಮೇಲೆ ಬಣ್ಣ ಬಳಿದಿದ್ದರು, ಬಣ್ಣದ ಒಳಗೆ ತುಕ್ಕು ಪದರ ಪದರವಾಗಿ ಎದ್ದಿತ್ತು, ಉಗುರಿನಿಂದ ಎತ್ತಿದರೆ ಹಪ್ಪಳದ ಹಾಗೆ ಮುರಿದು ಕೈಗೆ ಬರುತ್ತಿತ್ತು. ಪಕ್ಕದ ಇನ್ನೊಂದು ಜೋಕಾಲಿಯ ಸರಪಳಿ ಆಗಲೇ ತುಂಡಾಗಿತ್ತು. ಅದನ್ನು ಯಾರೋ ಒಬ್ಬರು ಬಲೆಯ ಹಗ್ಗ ತಂದು ಬಿಗಿಯಾಗಿ ಕಟ್ಟಿ ಸರಿಮಾಡಿದ್ದರು. ಯಾರು ಕಟ್ಟಿದ್ದು ಅಂತ ಕೇಳಿದರೆ, ಮೊಮ್ಮಗನನ್ನು ಕರೆದುಕೊಂಡು ಬಂದಿದ್ದ ಹಿರಿಯರೊಬ್ಬರು ನಾನೇ ಅಂದರು. ದೋಣಿಗೆ ಹೋಗುತ್ತಿದ್ದವರು. "ಈ ಮಳೆಗಾಲ ತಡೀತದೆ ತಂಗಿ, ಆಮೇಲೆ ಮತ್ತೆ ಕಟ್ವ" ಅಂದರು.

ಅವರ ಕೈಗೆ ನಮಸ್ಕಾರ. ಆದರೆ ಆ ಜೋಕಾಲಿಯ ಹೊಣೆ ಅವರದ್ದಲ್ಲ. ಅದರ ಮೇಲೆ ಕೂರುವ ಮಗುವಿನ ತಲೆ, ಬೆನ್ನು, ಕೈಕಾಲಿನ ಹೊಣೆ ಊರಿನ ಆಡಳಿತದ್ದು.

ಇಲ್ಲಿ ಅಧಿಕಾರಿಗಳಿಗೆ ಒಂದು ತಾಂತ್ರಿಕ ಮಾತು. ಬೆಂಗಳೂರಿನಲ್ಲಿ ಹತ್ತು ವರ್ಷ ಬಾಳುವ ಕಬ್ಬಿಣ ನಮ್ಮಲ್ಲಿ ಮೂರು ನಾಲ್ಕು ಮಳೆಗಾಲಕ್ಕೆ ಸೊರಗುತ್ತದೆ. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರ್ ಆಸುಪಾಸು ಮಳೆ, ಉಳಿದ ದಿನ ಉಪ್ಪು ಗಾಳಿ. ಆದರೂ ಟೆಂಡರ್ ಕರೆಯುವಾಗ ಒಳನಾಡಿನ ಪಾರ್ಕಿಗೆ ಬರೆದ ವಿವರವನ್ನೇ ಇಲ್ಲಿಗೂ ಬರೆದರೆ ಹೇಗೆ? ಸ್ಟೇನ್‌ಲೆಸ್ ಸ್ಟೀಲ್ ಅಂದರೆ ಎಲ್ಲಾ ಒಂದೇ ಅಲ್ಲ. ಸಾಮಾನ್ಯವಾಗಿ ಸಿಗುವ 304 ದರ್ಜೆಗೆ ಸಮುದ್ರದ ಹತ್ತಿರ ಕಂದು ಕಲೆ ಹಿಡಿಯುತ್ತದೆ, ಚುಕ್ಕಿ ಚುಕ್ಕಿಯಾಗಿ ತೂತು ಬೀಳುತ್ತದೆ. 316 ದರ್ಜೆಯಲ್ಲಿ ಮಾಲಿಬ್ಡಿನಂ ಇರುವುದರಿಂದ ಅದು ಉಪ್ಪಿಗೆ ಜಾಸ್ತಿ ತಡೆಯುತ್ತದೆ. ಬೆಲೆ ಹೆಚ್ಚು, ನಿಜ. ಅಷ್ಟು ದುಡ್ಡಿಲ್ಲ ಅಂತಾದರೆ ಕಬ್ಬಿಣವನ್ನು ಕರಗಿದ ಸತುವಿನಲ್ಲಿ ಅದ್ದಿ ತೆಗೆದದ್ದನ್ನೇ ಕೊಡಬೇಕು ಅಂತ ಬರೆಯಿರಿ, ಬರೀ ಬಣ್ಣ ಬಳಿದದ್ದನ್ನು ಒಪ್ಪಿಕೊಳ್ಳಬೇಡಿ. ಬೆಂಚಿಗೆ ಕಬ್ಬಿಣವೇ ಬೇಡ. ಚಿರೆಕಲ್ಲು ನಮ್ಮ ನೆಲದ್ದೇ. ಕಡಿಯುವಾಗ ಮೆತ್ತಗಿದ್ದು ಗಾಳಿ ತಾಗಿದ ಮೇಲೆ ಗಟ್ಟಿಯಾಗುವ ಕಲ್ಲು. ಅದರಲ್ಲಿ ಕಟ್ಟಿದ ಮನೆಗಳು ತಲೆಮಾರುಗಳಿಂದ ನಿಂತಿವೆ. ಒಂದು ಕಟ್ಟೆ ಕಟ್ಟಿ ಮೇಲೆ ನುಣುಪು ಮಾಡಿದರೆ ಕೂರಲು ಸಾಕು, ಅಲ್ವಾ?

ಇನ್ನು ಇಂಟರ್‌ಲಾಕ್. ಪಾರ್ಕು ಅಂದ ತಕ್ಷಣ ನೆಲಕ್ಕೆಲ್ಲ ಇಂಟರ್‌ಲಾಕ್ ಹಾಸುವ ಅಭ್ಯಾಸ ಎಲ್ಲಿಂದ ಬಂತೋ ಗೊತ್ತಿಲ್ಲ. ನಮ್ಮಂಥ ಮಳೆಯ ಊರಿನಲ್ಲಿ ಪಾರ್ಕಿನ ಮಣ್ಣು ನೀರು ಕುಡಿಯಬೇಕು. ಜುಲೈ ತಿಂಗಳಲ್ಲಿ ರಸ್ತೆಗಳೆಲ್ಲ ತುಂಬಿ ಮನೆಯೊಳಗೆ ನೀರು ಬರುವಾಗ ಇಂಗುವ ನೆಲ ಅಂತ ಉಳಿದಿರುವುದೇ ಈ ನಾಲ್ಕು ಪಾರ್ಕು, ಮೈದಾನ. ಅದನ್ನೂ ಮುಚ್ಚಿದರೆ ನೀರು ಎಲ್ಲಿಗೆ ಹೋಗಬೇಕು? ನಡೆಯುವ ದಾರಿಗೆ ಮಾತ್ರ ಹಾಸಿ, ಉಳಿದದ್ದನ್ನು ಬಿಡಿ. ಗಿಡವೂ ಅಷ್ಟೇ. ಎಲ್ಲಿಂದಲೋ ಲಾರಿಯಲ್ಲಿ ತಂದ ಅಲಂಕಾರದ ಗಿಡ ಏಪ್ರಿಲ್ ಬಿಸಿಲಿಗೆ ಒಣಗುತ್ತದೆ. ಸುರಹೊನ್ನೆ, ಹೊಂಗೆ, ತೆಂಗು ಇವಕ್ಕೆ ಉಪ್ಪು ಗಾಳಿ ಹೊಸತಲ್ಲ. ಮರಳಿನ ಮೇಲೆ ಹಬ್ಬುವ ಬಂಗಡೆ ಬಳ್ಳಿಯನ್ನು ಕಳೆ ಅಂತ ಕಿತ್ತು ಹಾಕಬೇಡಿ. ದಂಡೆಯ ಮರಳನ್ನು ಹಿಡಿದಿಡುವುದು ಅದೇ.

ಸರಿ, ಈಗ ದುಡ್ಡಿನ ಮಾತಿಗೆ ಬರೋಣ. ನಿಮ್ಮ ಕಷ್ಟ ನನಗೆ ಅರ್ಥವಾಗುತ್ತದೆ, ಸುಮ್ನೆ ಬೈಯಲು ಬರೆಯುತ್ತಿಲ್ಲ. 15ನೇ ಹಣಕಾಸು ಆಯೋಗ 2021ರಿಂದ 2026ರವರೆಗೆ ನಮ್ಮಂಥ ಸಣ್ಣ ಊರುಗಳಿಗೆ ಕೊಟ್ಟ ಅನುದಾನದಲ್ಲಿ ಶೇ 60ರಷ್ಟನ್ನು ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೆ ಅಂತಲೇ ಕಟ್ಟಿಹಾಕಿತ್ತು. ಉಳಿದ ಶೇ 40ನ್ನು ಊರಿನ ಅಗತ್ಯಕ್ಕೆ ಬಳಸಬಹುದಿತ್ತು, ಆದರೆ ಸಂಬಳಕ್ಕೆ ಬಳಸುವಂತಿರಲಿಲ್ಲ. ಅಂದರೆ ಆ ದುಡ್ಡಿನಲ್ಲಿ ಪಾರ್ಕಿಗೆ ಗೇಟು ಹಾಕಬಹುದಿತ್ತು, ಆ ಗೇಟನ್ನು ಬೆಳಿಗ್ಗೆ ತೆಗೆದು ರಾತ್ರಿ ಹಾಕುವ ಮನುಷ್ಯನಿಗೆ ಸಂಬಳ ಕೊಡಲು ಆಗುತ್ತಿರಲಿಲ್ಲ. ಇಡೀ ಸಮಸ್ಯೆ ಇರುವುದೇ ಇಲ್ಲಿ. ಮೇಲಿನಿಂದ ಬರುವ ದುಡ್ಡು ಬಹುಪಾಲು ಕಟ್ಟುವುದಕ್ಕೆ ಬರುತ್ತದೆ. ಪ್ರವಾಸೋದ್ಯಮ ಇಲಾಖೆಯದ್ದಾಗಲಿ, ರಾಜ್ಯದ ನಗರೋತ್ಥಾನ ಯೋಜನೆಯದ್ದಾಗಲಿ, ಕಂಪನಿಗಳ ಸಿಎಸ್ಆರ್ (ಸಾಮಾಜಿಕ ಹೊಣೆಗಾರಿಕೆ) ಹಣವಾಗಲಿ, ಎಲ್ಲರಿಗೂ ಕಲ್ಲಿನ ಮೇಲೆ ಹೆಸರು ಕೆತ್ತಿಸಲು ಆಗುವಂಥದ್ದು ಬೇಕು. ಕಟ್ಟಿ, ಟೇಪು ಕತ್ತರಿಸಿ, ಬೀಗದ ಕೈಯನ್ನು ಸ್ಥಳೀಯ ಸಂಸ್ಥೆಗೆ ಕೊಟ್ಟು ಹೋಗುತ್ತಾರೆ. ಗುತ್ತಿಗೆದಾರನ ಹೊಣೆಗಾರಿಕೆಯ ಅವಧಿ ಮುಗಿಯುತ್ತದೆ. ಆಮೇಲೆ ಮಾಲಿ, ಕಾವಲುಗಾರ, ಕರೆಂಟ್ ಬಿಲ್ಲು, ಪಂಪಿನ ರಿಪೇರಿ, ಶೌಚಾಲಯ ತೊಳೆಯುವವರ ಕೂಲಿ, ಇವೆಲ್ಲ ನಿಮ್ಮ ತಲೆ ಮೇಲೆ ಬರುತ್ತವೆ. ಇದಕ್ಕೆ ಇರುವುದು ಆಸ್ತಿ ತೆರಿಗೆ, ಮಳಿಗೆ ಬಾಡಿಗೆ, ಲೈಸೆನ್ಸ್ ಶುಲ್ಕದಂಥ ಸ್ವಂತ ಆದಾಯ ಮಾತ್ರ. ಅದು ಎಷ್ಟಕ್ಕೆ ಅಂತ ಸಾಕಾಗಬೇಕು?

ಹಾಗಾಗಿಯೇ ಹೇಳುತ್ತಿದ್ದೇನೆ, ಬರುವ ಪ್ರತಿ ಉಡುಗೊರೆಗೂ ಕೈ ಚಾಚಬೇಡಿ. ಒಂದು ಸಂಗೀತ ಕಾರಂಜಿ ಬಂತು ಅಂದರೆ ಅದರ ಮೋಟಾರು, ಪೈಪು, ಬೆಳಕು, ಅದನ್ನು ನಡೆಸಲು ತಿಳಿದವರು, ಇವಿಷ್ಟೂ ಪ್ರತಿ ತಿಂಗಳ ಖರ್ಚು. ಅದನ್ನು ಒಪ್ಪಿಕೊಳ್ಳುವ ದಿನವೇ ನಿರ್ಣಯದಲ್ಲಿ ಬರೆಯಿರಿ: ಇದಕ್ಕೆ ವರ್ಷಕ್ಕೆ ಇಷ್ಟು, ಈ ಲೆಕ್ಕ ಶೀರ್ಷಿಕೆಯಿಂದ. ಕೊಡುವ ಇಲಾಖೆಗೋ ಕಂಪನಿಗೋ ಕೇಳಿ, ಮೊದಲ ಐದು ವರ್ಷದ ನಿರ್ವಹಣೆ ನೀವೇ ಕೊಡುತ್ತೀರಾ ಅಂತ. ಕೇಳುವುದರಲ್ಲಿ ಸಂಕೋಚ ಯಾಕೆ? ಅವರು ಆಗಲ್ಲ ಅಂದರೆ, ಆ ದುಡ್ಡನ್ನು ಹಳೆಯ ಪಾರ್ಕಿನ ಶೌಚಾಲಯಕ್ಕೆ, ನೀರಿನ ನಲ್ಲಿಗೆ ಕೊಡಿ ಅನ್ನಿ.

ನಮ್ಮ ಆಸ್ತಿ ತೆರಿಗೆಯ ಜೊತೆಗೆ ಸೆಸ್ ಕಟ್ಟುತ್ತೇವೆ. ಆರೋಗ್ಯಕ್ಕೆ ಶೇ 15, ಗ್ರಂಥಾಲಯಕ್ಕೆ ಶೇ 6, ಭಿಕ್ಷುಕರ ಪುನರ್ವಸತಿಗೆ ಶೇ 3. ಗ್ರಂಥಾಲಯದ ಹೆಸರಲ್ಲಿ ಕಟ್ಟಿದ್ದು ಗ್ರಂಥಾಲಯಕ್ಕೇ ಹೋಗಬೇಕು ಅನ್ನುವ ನಿಯಮ ಇದೆ. ಪಾರ್ಕಿಗೂ ಹೊಸ ಸೆಸ್ ಹಾಕಿ ಅಂತ ನಾನು ಹೇಳುತ್ತಿಲ್ಲ, ಜನರಿಗೆ ಈಗಾಗಲೇ ಸಾಕಾಗಿದೆ. ಆದರೆ ಒಂದು ಕಡಲತೀರದಲ್ಲಿ ವಸೂಲಾಗುವ ಪಾರ್ಕಿಂಗ್ ಶುಲ್ಕ, ತಿಂಡಿ ಗಾಡಿಗಳ ನೆಲಬಾಡಿಗೆ, ಕಾರ್ಯಕ್ರಮಗಳಿಗೆ ಜಾಗ ಕೊಟ್ಟ ಬಾಡಿಗೆ, ಇದೆಲ್ಲ ಅದೇ ಕಡಲತೀರದ ಹೆಸರಿನ ಪ್ರತ್ಯೇಕ ಖಾತೆಯಲ್ಲಿ ಉಳಿಯಲಿ, ಅಲ್ಲಿಗೇ ಖರ್ಚಾಗಲಿ. ಇದಕ್ಕೆ ಬೆಂಗಳೂರಿನ ಅಪ್ಪಣೆಗೆ ಕಾಯುವ ಮೊದಲು ಒಂದು ನಿರ್ಣಯವನ್ನಾದರೂ ಮಾಡಿ. ಅಂಗವಿಕಲರಿಗಾಗಿ ಶೇ 5 ಅಂತ ತೆಗೆದಿಡುವ ಹಣ ಇದೆಯಲ್ಲ, ಅದರಲ್ಲಿ ಪಾರ್ಕುಗಳ ಬಾಗಿಲಲ್ಲಿ ಇಳಿಜಾರು ದಾರಿ, ಗಾಲಿಕುರ್ಚಿ ಹೋಗುವಷ್ಟು ಅಗಲದ ಗೇಟು, ಹಿಡಿದುಕೊಳ್ಳಲು ಕಂಬಿ ಮಾಡಿಸಬಹುದು. ಗಾಲಿಕುರ್ಚಿಯಲ್ಲಿ ಕೂತವರು ಸಮುದ್ರ ನೋಡಲು ರಸ್ತೆ ಬದಿಯಲ್ಲೇ ನಿಲ್ಲಬೇಕಾದ ಸ್ಥಿತಿ ಸಮುದ್ರದ ಊರಿಗೆ ಶೋಭೆಯಲ್ಲ.

ಠಾಗೋರ್ ಕಡಲತೀರದ ವಿಷಯ ಬೇರೆಯಾಗಿಯೇ ಹೇಳಬೇಕು. 1883ರಲ್ಲಿ ರವೀಂದ್ರನಾಥ ಠಾಗೋರರು ಇಲ್ಲಿಗೆ ಬಂದಾಗ ಅವರಿಗೆ 22 ವರ್ಷ. ಅಣ್ಣ ಸತ್ಯೇಂದ್ರನಾಥರು ಇಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದರು. ಇಲ್ಲಿದ್ದಾಗಲೇ ರವೀಂದ್ರರು ಒಂದು ನಾಟಕ ಬರೆದರು, ಈ ಕಡಲನ್ನು, ಕಾಳಿ ನದಿಯಲ್ಲಿ ದೋಣಿಯಲ್ಲಿ ಹೋದದ್ದನ್ನು ಮುಂದೆ ನೆನಪಿಸಿಕೊಂಡರು. ಅವರನ್ನು ಸೆಳೆದದ್ದು ದಂಡೆ, ಗಾಳಿಮರ, ನದಿ, ಗುಡ್ಡ. ಈಗ ಅದೇ ದಂಡೆಯಲ್ಲಿ ಏನೇನು ಸೇರಿದೆ ನೋಡಿ. ಸೋವಿಯತ್ ದೇಶದಲ್ಲಿ ತಯಾರಾಗಿ 1976ರಿಂದ 2005ರವರೆಗೆ ನೌಕಾಪಡೆಯಲ್ಲಿ ದುಡಿದ ಐಎನ್ಎಸ್ ಚಪಲ್ ಅನ್ನುವ ಯುದ್ಧನೌಕೆ 2006ರಿಂದ ಇಲ್ಲಿ ವಸ್ತುಸಂಗ್ರಹಾಲಯವಾಗಿದೆ. 2017ರಲ್ಲಿ ನಿವೃತ್ತಿಯಾದ ಟುಪೊಲೆವ್ 142 ವಿಮಾನವೂ ಅದರ ಪಕ್ಕಕ್ಕೆ ಬಂದಿದೆ. ಮಕ್ಕಳಿಗೆ ಇವೆರಡೂ ತುಂಬಾ ಇಷ್ಟ, ಇರಲಿ, ನನಗೂ ಸಂತೋಷ. ಆದರೆ ಒಂದು ಉಕ್ಕಿನ ಹಡಗು, ಒಂದು ಲೋಹದ ವಿಮಾನ, ಎರಡನ್ನೂ ತಂದು ಸಮುದ್ರದ ಎದುರಿಗೇ ನಿಲ್ಲಿಸಿದ್ದೇವೆ. ಇದು ಪ್ರತಿ ವರ್ಷ ಕೆರೆದು, ಬಣ್ಣ ಬಳಿದು, ಬೆಸುಗೆ ಹಾಕಿ ಉಳಿಸಿಕೊಳ್ಳಬೇಕಾದ ಆಸ್ತಿ. ಹಡಗು ನೀರಿನಲ್ಲಿದ್ದಾಗ ಅದನ್ನು ನೋಡಿಕೊಳ್ಳಲು ಸಿಬ್ಬಂದಿಯೇ ಇದ್ದರು. ಈಗ ಅದಕ್ಕೆ ಪ್ರತಿ ವರ್ಷ ಎಷ್ಟು ಇಡುತ್ತೀರಿ ಅನ್ನುವುದನ್ನು ಟಿಕೆಟ್ ಕೌಂಟರಿನ ಪಕ್ಕ ಒಂದು ಬೋರ್ಡಿನಲ್ಲಿ ಬರೆಯಿರಿ. ಟಿಕೆಟಿನ ದುಡ್ಡು ಎಷ್ಟು ಬಂತು, ಎಷ್ಟು ಖರ್ಚಾಯಿತು ಅಂತಲೂ ಬರೆಯಿರಿ. ನೋಡಲು ಬಂದವರು ಹತ್ತು ರೂಪಾಯಿ ಜಾಸ್ತಿ ಕೊಡಲೂ ಹಿಂದೆ ಮುಂದೆ ನೋಡುವುದಿಲ್ಲ, ಲೆಕ್ಕ ಕಣ್ಣೆದುರಿಗೆ ಇದ್ದರೆ.

ಮತ್ತೆ ಆ ದಂಡೆಯಲ್ಲಿ ಸಂಜೆ ಅತಿ ಹೆಚ್ಚು ಜನ ಏನು ಮಾಡುತ್ತಾರೆ ಅಂತ ಒಮ್ಮೆ ಹೋಗಿ ನಿಂತು ನೋಡಿ. ಹುಡುಗರು ಇಳಿತದ ಹೊತ್ತಿನ ಗಟ್ಟಿ ಮರಳಿನ ಮೇಲೆ ಚಪ್ಪಲಿಗಳನ್ನೇ ಗೋಲು ಮಾಡಿ ಫುಟ್‌ಬಾಲ್ ಆಡುತ್ತಾರೆ. ಹೆಂಗಸರು ಗುಂಪಾಗಿ ನಡೆಯುತ್ತಾರೆ. ವಯಸ್ಸಾದವರು ಕೂತು ಮಾತಾಡುತ್ತಾರೆ. ಇದಕ್ಕೆಲ್ಲ ಕಟ್ಟಡ ಬೇಡ. ಬೇಕಾದದ್ದು ಬೆಳಕು, ಕುಡಿಯುವ ನೀರು, ಬೀಗ ಹಾಕಿರದ ಸ್ವಚ್ಛ ಶೌಚಾಲಯ, ಕಾಲು ತೊಳೆಯಲು ಒಂದು ನಲ್ಲಿ. ಹೆಂಗಸರು ಕತ್ತಲಾಗುವ ಮೊದಲೇ ಮನೆಗೆ ಓಡುವುದಕ್ಕೆ ಎರಡೇ ಕಾರಣ: ಲೈಟು ಇಲ್ಲ, ಶೌಚಾಲಯ ಇಲ್ಲ. ಕೋಟಿಗಟ್ಟಲೆಯ ಯೋಜನೆ ತರುವ ಮೊದಲು ಇದನ್ನು ಸರಿಮಾಡಿದರೆ ಊರಿನ ಅರ್ಧದಷ್ಟು ಜನ ನಿಮ್ಮನ್ನು ಹರಸುತ್ತಾರೆ.

ಇನ್ನೊಂದು ವಿಷಯ, ಇದನ್ನು ಬರೆಯುವಾಗ ಕೈ ಭಾರವಾಗುತ್ತದೆ. 2024ರ ಡಿಸೆಂಬರಿನಲ್ಲಿ ಮುರ್ಡೇಶ್ವರಕ್ಕೆ ಶಾಲಾ ಪ್ರವಾಸ ಬಂದಿದ್ದ ಕೋಲಾರ ಜಿಲ್ಲೆಯ ನಾಲ್ಕು ಹೆಣ್ಣುಮಕ್ಕಳು ಸಮುದ್ರದ ಪಾಲಾದರು. ಬಯಲುಸೀಮೆಯ ಮಕ್ಕಳು, ಸಮುದ್ರ ನೋಡಬೇಕು ಅಂತ ಆಸೆಯಿಂದ ಬಂದವರು. ನಮ್ಮ ದಂಡೆಗಳಿಗೆ ಬರುವವರು ಹೆಚ್ಚಿನವರು ಹೀಗೇ, ಅಲೆಯ ಸ್ವಭಾವ, ಸೆಳೆತ ಗೊತ್ತಿಲ್ಲದವರು. ಜೀವರಕ್ಷಕರು ಅಂದರೆ ಬರೀ ಸಂಬಳದ ಖರ್ಚು, ಅದರಲ್ಲಿ ಉದ್ಘಾಟಿಸಲು ಏನೂ ಇಲ್ಲ. ಹಾಗಾಗಿ ಬಜೆಟ್ಟಿನಲ್ಲಿ ಅದಕ್ಕೆ ಯಾವಾಗಲೂ ಕೊನೇ ಸ್ಥಾನ. ದಯವಿಟ್ಟು ಅದನ್ನು ಮೊದಲ ಸಾಲಿಗೆ ತನ್ನಿ. ಸ್ಥಳೀಯ ಮೀನುಗಾರರ ಮಕ್ಕಳಿಗೇ ತರಬೇತಿ ಕೊಡಿ, ತಿಂಗಳ ಸಂಬಳ ತಿಂಗಳಿಗೆ ಕೊಡಿ, ಅವರಿಗೆ ಸೀಟಿ, ರಕ್ಷಣಾ ಟ್ಯೂಬು, ನಿಲ್ಲಲು ನೆರಳು, ಎತ್ತರದ ಕಟ್ಟೆ ಕೊಡಿ. ದಂಡೆಯ ಅಂದಕ್ಕೆ ಒಂದು ರೂಪಾಯಿ ಖರ್ಚು ಮಾಡುವ ಮೊದಲು ಇದು ಆಗಬೇಕು.

ನಿರ್ವಹಣೆಗೆ ಬೆಲೆ ಕೊಟ್ಟರೆ ಏನಾಗುತ್ತದೆ ಅನ್ನುವುದಕ್ಕೆ ನಮ್ಮ ಜಿಲ್ಲೆಯಲ್ಲೇ ಉದಾಹರಣೆ ಇದೆ. ಹೊನ್ನಾವರದ ಕಾಸರಕೋಡು ಕಡಲತೀರಕ್ಕೆ 2020ರಲ್ಲಿ ಬ್ಲೂ ಫ್ಲ್ಯಾಗ್ ಅನ್ನುವ ಅಂತರರಾಷ್ಟ್ರೀಯ ಮನ್ನಣೆಯ ಬಾವುಟ ಸಿಕ್ಕಿತು, ಉಡುಪಿ ಜಿಲ್ಲೆಯ ಪಡುಬಿದ್ರಿಗೆ ಸಿಕ್ಕಾಗಲೇ. ನೀರಿನ ಗುಣಮಟ್ಟ, ಸುರಕ್ಷತೆ, ಸ್ವಚ್ಛತೆ ಎಲ್ಲ ಸೇರಿ 33 ಮಾನದಂಡ. ಅದರಲ್ಲಿ ನನಗೆ ಮುಖ್ಯ ಅನ್ನಿಸುವುದು ಇದು: ಆ ಬಾವುಟ ಒಮ್ಮೆ ಸಿಕ್ಕರೆ ಮುಗಿಯಲಿಲ್ಲ, ಪ್ರತಿ ವರ್ಷ ಮತ್ತೆ ಪರೀಕ್ಷೆ. ನೀರು ಕೆಟ್ಟರೆ, ಶೌಚಾಲಯ ಗಬ್ಬೆದ್ದರೆ, ಜೀವರಕ್ಷಕ ಇಲ್ಲದಿದ್ದರೆ ಬಾವುಟ ಇಳಿಸಬೇಕು. ಇದೇ ನಿಯಮವನ್ನು ನಮ್ಮ ವಾರ್ಡಿನ ಪಾರ್ಕುಗಳಿಗೂ ಯಾಕೆ ತರಬಾರದು? ಹೊರಗಿನವರು ಬೇಡ. ಅಕ್ಟೋಬರಿನಲ್ಲಿ ಮಳೆ ನಿಂತ ಮೇಲೆ ಒಮ್ಮೆ, ಮೇ ತಿಂಗಳಲ್ಲಿ ಮಳೆಗೆ ಮೊದಲು ಒಮ್ಮೆ, ಒಬ್ಬ ಇಂಜಿನಿಯರ್, ವಾರ್ಡಿನ ಇಬ್ಬರು ಹೆಂಗಸರು, ಒಬ್ಬ ಶಾಲೆಯ ಮೇಷ್ಟ್ರು ಸೇರಿ ಪಾರ್ಕು ಸುತ್ತಲಿ. ಯಾವ ಕೊಂಡಿ ಸವೆದಿದೆ, ಯಾವ ಬಲ್ಬು ಹೋಗಿದೆ, ಯಾವ ಮರದ ಕೊಂಬೆ ಒಣಗಿದೆ ಅಂತ ಒಂದು ಹಾಳೆಯಲ್ಲಿ ಬರೆದು ಗೇಟಿಗೆ ಅಂಟಿಸಲಿ. ಸರಿಯಾದ ಮೇಲೆ ಅದರ ಎದುರು ತಾರೀಕು ಬರೆಯಲಿ.

ಪಾರಂಪರಿಕ ತಾಣಗಳದ್ದೂ ಇದೇ ಕತೆ, ಸ್ವಲ್ಪ ಬೇರೆ ರೀತಿ. ಕಾಳಿಯ ಆಚೆ ಸದಾಶಿವಗಡ, ಸೋದೆ ಅರಸರು ಕಟ್ಟಿದ ಕೋಟೆ. ಹೆದ್ದಾರಿ 66 ಆ ಗುಡ್ಡದ ಬುಡದಲ್ಲೇ ಹೋಗುತ್ತದೆ. ಗೋವಾದ ಕಡೆ ಹೋಗುವ ಸಾವಿರಾರು ಜನ ಅದರ ಕೆಳಗೇ ಹಾದು ಹೋಗುತ್ತಾರೆ, ಅದು ಕೋಟೆ ಅಂತಲೇ ಎಷ್ಟೋ ಜನರಿಗೆ ಗೊತ್ತಾಗುವುದಿಲ್ಲ. ಕುಮಟಾ ತಾಲೂಕಿನ ಮಿರ್ಜಾನ ಕೋಟೆ, ಕಾಳುಮೆಣಸಿನ ರಾಣಿ ಅಂತ ಪೋರ್ಚುಗೀಸರು ಕರೆದ ಗೇರುಸೊಪ್ಪೆಯ ಚೆನ್ನಭೈರಾದೇವಿಯ ಕೋಟೆ, ಮಳೆಗಾಲದಲ್ಲಿ ಹಸಿರು ಹೊದ್ದು ನಿಂತಾಗ ನೋಡಲು ಎರಡು ಕಣ್ಣು ಸಾಲದು. ಫೋಟೋ ತೆಗೆಯುವವರಿಗೆ ಆ ಹಸಿರು ಚಂದ. ಕೋಟೆಗೆ ಅದರಲ್ಲೇ ಅಪಾಯ. ಚಿರೆಕಲ್ಲಿನ ಸಂದಿಯಲ್ಲಿ ಅರಳಿಯದ್ದೋ ಗೋಳಿಯದ್ದೋ ಒಂದು ಸಸಿ ಹುಟ್ಟಿದರೆ ಮೊದಲ ವರ್ಷ ಎರಡು ಬೆರಳಿನಲ್ಲಿ ಕೀಳಬಹುದು. ಹತ್ತು ವರ್ಷ ಬಿಟ್ಟರೆ ಬೇರು ಗೋಡೆಯ ಒಳಗೆ ಹೊಕ್ಕು ಕಲ್ಲುಗಳನ್ನು ಬೇರೆ ಮಾಡಿರುತ್ತದೆ, ಆಗ ಮರ ಕಿತ್ತರೂ ಗೋಡೆ ಬೀಳುತ್ತದೆ, ಬಿಟ್ಟರೂ ಬೀಳುತ್ತದೆ. ಎರಡು ಬೆರಳಿನ ಕೆಲಸಕ್ಕೆ ಬೇಕಾದದ್ದು ವರ್ಷಕ್ಕೆ ಕೆಲವು ದಿನದ ಕೂಲಿ. ಬಿದ್ದ ಗೋಡೆಗೆ ಬೇಕಾದದ್ದು ದೊಡ್ಡ ಯೋಜನೆ. ಮತ್ತೆ ರಿಪೇರಿ ಅಂತ ಸಿಮೆಂಟು ಮೆತ್ತಬೇಡಿ. ಚಿರೆಕಲ್ಲು ನೀರು ಕುಡಿದು ನೀರು ಬಿಡುವ ಕಲ್ಲು. ಮೇಲೆ ಸಿಮೆಂಟು ಬಿದ್ದರೆ ನೀರು ಒಳಗೇ ನಿಂತು ಕಲ್ಲನ್ನು ಪುಡಿ ಮಾಡುತ್ತದೆ. ಸುಣ್ಣದ ಗಾರೆಯೇ ಅದಕ್ಕೆ ಸರಿ. ಗಾರೆ ಕೆಲಸ ಬಲ್ಲ ಕೈಗಳು ಕಮ್ಮಿಯಾಗುತ್ತಿವೆ, ಇರುವವರಿಗೆ ಪ್ರತಿ ವರ್ಷ ಒಂದಿಷ್ಟು ಕೆಲಸ ಸಿಗುವ ಹಾಗೆ ಮಾಡಿದರೆ ಆ ವಿದ್ಯೆಯೂ ಉಳಿಯುತ್ತದೆ.

ಕೋಟೆ ಪುರಾತತ್ವ ಇಲಾಖೆಗೆ ಸೇರಿದ್ದು, ನಮಗೇನು ಸಂಬಂಧ ಅಂತ ನೀವು ಹೇಳಬಹುದು. ಗೋಡೆ ಮುಟ್ಟುವುದು ನಿಮ್ಮ ಕೆಲಸ ಅಲ್ಲ, ಒಪ್ಪಿದೆ. ಆದರೆ ಅಲ್ಲಿಗೆ ಹೋಗುವ ದಾರಿ, ದಾರಿ ತೋರಿಸುವ ಕನ್ನಡದ ಫಲಕ, ಕಸದ ತೊಟ್ಟಿ, ಶೌಚಾಲಯ, ಬಸ್ ನಿಲ್ಲುವ ಜಾಗ ಇವು ಸ್ಥಳೀಯ ಸಂಸ್ಥೆಯ ಕೆಲಸವೇ. ಅದಕ್ಕಿಂತ ಮುಖ್ಯವಾಗಿ, ಯಾವ ಇಲಾಖೆಯ ಪಟ್ಟಿಯಲ್ಲೂ ಇಲ್ಲದ ಎಷ್ಟೋ ಹಳೇ ವಸ್ತುಗಳು ನಮ್ಮ ಊರುಗಳಲ್ಲಿವೆ. ಬ್ರಿಟಿಷರ ಕಾಲದ ಕಚೇರಿ ಕಟ್ಟಡ, ಹೆಂಚಿನ ಶಾಲೆ, ಬಂದರಿನ ಹಳೇ ಗೋದಾಮು, ಸಾರ್ವಜನಿಕ ಬಾವಿ, ವೀರಗಲ್ಲು, ಮಾಸ್ತಿಕಲ್ಲು. 1930ರಲ್ಲಿ ಅಂಕೋಲೆಯ ಜನ ಉಪ್ಪಿನ ಸತ್ಯಾಗ್ರಹ ಮಾಡಿ, ಸತ್ಯಾಗ್ರಹಕ್ಕೆ ಹೆಸರಾದ ಗುಜರಾತಿನ ಬಾರ್ಡೋಲಿಯ ಹಾಗೆ, ಕರ್ನಾಟಕದ ಬಾರ್ಡೋಲಿ ಅನ್ನಿಸಿಕೊಂಡರು. ಆ ಹೋರಾಟ ನಡೆದ ಜಾಗಗಳಿಗೆ ನಮ್ಮ ಮಕ್ಕಳನ್ನು ಕರೆದುಕೊಂಡು ಹೋಗಿ ಇಲ್ಲೇ ಅಂತ ತೋರಿಸುವ ಹಾಗಿರಬೇಕು. ಮೊದಲು ಒಂದು ಪಟ್ಟಿ ಮಾಡಿ. ಕಾಲೇಜಿನ ಇತಿಹಾಸದ ವಿದ್ಯಾರ್ಥಿಗಳು, ನಿವೃತ್ತ ಮೇಷ್ಟ್ರುಗಳು ಖುಷಿಯಿಂದ ಬರುತ್ತಾರೆ. ಪಟ್ಟಿ ಇದ್ದರೆ ರಸ್ತೆ ಅಗಲ ಮಾಡುವ ದಿನ ಜೆಸಿಬಿ ಬರುವ ಮೊದಲು ಒಬ್ಬರಾದರೂ ಎದ್ದು ನಿಂತು, ಇದು ಪಟ್ಟಿಯಲ್ಲಿದೆ, ನಿಲ್ಲಿಸಿ ಅನ್ನಬಹುದು.

ಘಟ್ಟದ ಮೇಲೆ ಶಿರಸಿಯಲ್ಲಿ ಕೆರೆಗಳ ಹೂಳು ತೆಗೆಯಲು ಜನರೇ ಜೀವಜಲ ಕಾರ್ಯಪಡೆ ಅಂತ ಕಟ್ಟಿಕೊಂಡು, ದುಡ್ಡು ಸೇರಿಸಿ, ಜೆಸಿಬಿ ತಂದು ಕೆಲಸ ಮಾಡಿದರು. ಒಂದಾದ ಮೇಲೆ ಒಂದು ಕೆರೆ ಮತ್ತೆ ನೀರು ಹಿಡಿಯಿತು. ಜನ ಬರುವುದಿಲ್ಲ ಅನ್ನುವ ಮಾತನ್ನು ದಯವಿಟ್ಟು ಇನ್ನು ಹೇಳಬೇಡಿ. ಜನ ಬರುತ್ತಾರೆ. ಆದರೆ ಜನ ಹೂಳು ತೆಗೆದ ಕೆರೆಯ ದಂಡೆಗೆ ಬೇಲಿ ಹಾಕುವುದು, ಅದಕ್ಕೆ ಚರಂಡಿ ನೀರು ಬಾರದ ಹಾಗೆ ತಡೆಯುವುದು ಆಡಳಿತದ ಕೆಲಸ. ಅದೂ ಆಗದಿದ್ದರೆ ಮುಂದಿನ ಸಲ ಜನ ಯಾವ ಧೈರ್ಯದಲ್ಲಿ ಮುಂದೆ ಬರಬೇಕು?

ಮೊದಲು ರಸ್ತೆ, ನೀರು, ಚರಂಡಿ, ಆಮೇಲೆ ಪಾರ್ಕು ಅನ್ನುವವರು ಇದ್ದಾರೆ. 2024ರ ಜುಲೈಯಲ್ಲಿ ಶಿರೂರಿನ ಗುಡ್ಡ ಕುಸಿದು ಜನ ಸತ್ತರು, ಆಗಸ್ಟಿನಲ್ಲಿ ಹಳೇ ಕಾಳಿ ಸೇತುವೆ ನಡುರಾತ್ರಿ ನದಿಗೆ ಬಿತ್ತು. ಇಂಥ ಜಿಲ್ಲೆಯಲ್ಲಿ ಜೋಕಾಲಿಯ ಮಾತೇ ಅಂತ ಕೇಳಿದರೆ ಆ ಪ್ರಶ್ನೆಗೆ ನಾನು ಗೌರವ ಕೊಡುತ್ತೇನೆ. ಆದರೆ ನಾನು ಕೇಳುತ್ತಿರುವುದು ರಸ್ತೆಯ ದುಡ್ಡನ್ನಲ್ಲ. ಉದ್ಯಾನ, ಪ್ರವಾಸ, ಸೌಂದರ್ಯೀಕರಣ ಅಂತ ಹೇಗೂ ಖರ್ಚಾಗುವ ದುಡ್ಡಿನಲ್ಲೇ ಹೊಸದಕ್ಕೆ ಕಮ್ಮಿ ಮಾಡಿ, ಹಳೆಯದಕ್ಕೆ ಜಾಸ್ತಿ ಮಾಡಿ ಅಂತ ಕೇಳುತ್ತಿದ್ದೇನೆ. ದೊಡ್ಡ ಮನೆ, ಅಂಗಳ, ಕಾರು ಇರುವವರಿಗೆ ಪಾರ್ಕು ಇಲ್ಲದಿದ್ದರೂ ನಡೆಯುತ್ತದೆ. ಎರಡು ಕೋಣೆಯ ಬಾಡಿಗೆ ಮನೆಯಲ್ಲಿ ಇರುವವರ ಮಕ್ಕಳಿಗೆ, ಇಡೀ ದಿನ ಮೀನು ಮಾರಿ ಸಂಜೆ ಅರ್ಧ ಗಂಟೆ ಕೂರಲು ಜಾಗ ಹುಡುಕುವ ಹೆಂಗಸಿಗೆ, ಆಸ್ಪತ್ರೆಗೆ ಹಳ್ಳಿಯಿಂದ ಬಂದು ಬಸ್ಸಿಗೆ ಕಾಯುವವರಿಗೆ ಅದೊಂದೇ ಪುಕ್ಕಟೆ ನೆರಳು.

ಈ ಪತ್ರ ಓದಿದ ಮೇಲೆ ನಿಮ್ಮಿಂದ ಮೂರು ಉತ್ತರ ಬೇಕು. ನಿಮ್ಮ ವ್ಯಾಪ್ತಿಯಲ್ಲಿ ಎಷ್ಟು ಪಾರ್ಕು, ಮೈದಾನ ಇವೆ, ಪ್ರತಿಯೊಂದಕ್ಕೂ ಕಳೆದ ವರ್ಷ ನಿರ್ವಹಣೆಗೆ ಎಷ್ಟು ಖರ್ಚಾಯಿತು, ಯಾವ ಯಾವುದಕ್ಕೆ ಮಾಲಿ ಇದ್ದಾರೆ. ಇದನ್ನು ಕಚೇರಿಯ ನೋಟಿಸ್ ಬೋರ್ಡಿಗೆ ಹಾಕಿದರೆ ಸಾಕು, ಮಾಹಿತಿ ಹಕ್ಕಿನ ಅರ್ಜಿಯ ಕೆಲಸ ನಮಗೂ ತಪ್ಪುತ್ತದೆ, ನಿಮಗೂ ತಪ್ಪುತ್ತದೆ. ಬಜೆಟ್ ಪೂರ್ವಭಾವಿ ಸಭೆಯ ದಿನವನ್ನು ಹದಿನೈದು ದಿನ ಮೊದಲೇ ತಿಳಿಸಿ. ಕೆಲಸಕ್ಕೆ ಹೋಗುವವರೂ, ಹೆಂಗಸರೂ ಬರಲು ಆಗುವ ಹಾಗೆ ಭಾನುವಾರ ಬೆಳಿಗ್ಗೆ ಇಟ್ಟರೆ ಇನ್ನೂ ಒಳ್ಳೆಯದು. ನಮ್ಮ ಬೀದಿಯಿಂದ ನಾವು ಏಳೆಂಟು ಜನ ಖಂಡಿತ ಬರುತ್ತೇವೆ, ಯಾವ ಪಾರ್ಕಿನಲ್ಲಿ ಏನು ಹಾಳಾಗಿದೆ ಅನ್ನುವ ಪಟ್ಟಿಯನ್ನು ಬರೆದುಕೊಂಡೇ ಬರುತ್ತೇವೆ.

ಇಂತಿ,
ಕಾರವಾರದ ಒಬ್ಬ ತೆರಿಗೆದಾರಳು